ಹಾಲಿನ ಪಸೆ

ಮಗು ಕುಡಿದು ಬಿಟ್ಟ ಗಾಜಿನ ಬಾಟಲಿಯ ತಳದಲ್ಲಿ ಒಂದೆರಡು ಚಮಚ ಹಾಲು ಉಳಿದಿರುತ್ತದೆ. ಅದನ್ನು ಚೆಲ್ಲಿ, ಒಂದಿಷ್ಟು ನೀರು ಹಾಕಿ ಕುಲುಕಿ, ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಒಳಗೋಡೆಯ ಮೇಲೆ ತೆಳ್ಳನೆಯ ಮಬ್ಬು ಕಾಣುತ್ತದೆ. ನೀರು ಒಂದೇ ಹಾಳೆಯಂತೆ ಇಳಿದುಹೋಗದೆ ಅಲ್ಲಲ್ಲಿ ಹನಿಗಟ್ಟಿ ನಿಲ್ಲುತ್ತದೆ. ಬೆರಳು ಆಡಿಸಿದರೆ ಜಾರುತ್ತದೆ. ಅದು ಹಾಲಿನ ಪಸೆ. ಹಾಲಿನ ಕೊಬ್ಬು ಗಾಜಿಗೂ ಪ್ಲಾಸ್ಟಿಕ್ಕಿಗೂ ಅಂಟಿಕೊಳ್ಳುತ್ತದೆ, ಪ್ರೋಟೀನು ಅದರ ಜೊತೆ ಸೇರಿ ಒಣಗುತ್ತದೆ, ಸಕ್ಕರೆಯ ಅಂಶ ಇವೆರಡರ ನಡುವೆ ಉಳಿಯುತ್ತದೆ. ಮಗುವನ್ನು ಬೆಳೆಸುವ ಈ ಮೂರೂ ಬ್ಯಾಕ್ಟೀರಿಯಾಗಳನ್ನೂ ಬೆಳೆಸುತ್ತವೆ. ಬೆಚ್ಚಗಿನ ಜಾಗದಲ್ಲಿ ಅವು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾದರೂ ಸಾಕು, 5 ಗಂಟೆಯಲ್ಲಿ ಒಂದು ಸಾವಿರ ದಾಟುತ್ತದೆ. ಸಂಜೆ ಕುಡಿದ ಬಾಟಲಿಯನ್ನು ರಾತ್ರಿ ಸಿಂಕಿನಲ್ಲಿ ಹಾಗೇ ಬಿಟ್ಟರೆ ಬೆಳಗ್ಗೆ ಮುಚ್ಚಳ ತೆಗೆದಾಗ ಬರುವ ಹುಳಿವಾಸನೆ ಈ ಲೆಕ್ಕದ ಫಲ.

ದೊಡ್ಡವರ ಹೊಟ್ಟೆಗೆ ಇದು ಅಷ್ಟೊಂದು ಬಾಧಿಸದಿರಬಹುದು. ಎಳೆಗೂಸಿನ ಹೊಟ್ಟೆಯಲ್ಲಿ ಆಮ್ಲ ಕಡಿಮೆ, ರೋಗ ತಡೆಯುವ ಶಕ್ತಿ ಇನ್ನೂ ಕೂಡಿಬರುತ್ತಿರುತ್ತದೆ. ಮೊದಲ ಎರಡು ತಿಂಗಳಲ್ಲಿ, ಅದರಲ್ಲೂ ದಿನ ತುಂಬುವ ಮುಂಚೆ ಹುಟ್ಟಿದ ಮಕ್ಕಳಲ್ಲಿ, ಒಂದು ಸಣ್ಣ ಸೋಂಕು ಬೇಗ ರಕ್ತಕ್ಕೂ ಮಿದುಳಿಗೂ ಏರಬಲ್ಲದು. ಭೇದಿಯಾದರೂ ಅಷ್ಟೇ. ಮೂರು ಕಿಲೋ ತೂಕದ ಮೈಯಿಂದ ನೀರು ಹೋಗುವುದಕ್ಕೆ ಹೊತ್ತು ಬೇಕಿಲ್ಲ. ಆದ್ದರಿಂದಲೇ ಬಾಟಲಿಯನ್ನು ತೊಳೆಯುವುದು, ಕುದಿಸುವುದು, ಒಣಗಿಸುವುದು ಎಂಬ ಮೂರು ಕೆಲಸಗಳು. ಮೂರರಲ್ಲಿ ಕುದಿಸುವುದಕ್ಕೆ ಮನೆಗಳಲ್ಲಿ ಎಲ್ಲಿಲ್ಲದ ಗೌರವ. ತೊಳೆಯುವುದನ್ನು ಅವಸರದಲ್ಲಿ ಮುಗಿಸುತ್ತಾರೆ, ಒಣಗಿಸುವುದನ್ನು ಕೆಲಸವೆಂದೇ ಎಣಿಸುವುದಿಲ್ಲ. ನಿಜಕ್ಕೂ ಮೊದಲ ಸ್ಥಾನ ತೊಳೆಯುವುದರದು. ಪಸೆ ಉಳಿದ ಬಾಟಲಿಯನ್ನು ಕುದಿಯುವ ನೀರಿಗೆ ಹಾಕಿದರೆ ಪ್ರೋಟೀನು ಬೆಂದು ಗಟ್ಟಿಯಾಗಿ ಗೋಡೆಗೆ ಕಚ್ಚುತ್ತದೆ; ಅದರ ಮರೆಯಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಬಿಸಿಯ ಪೆಟ್ಟು ಪೂರ್ತಿ ತಟ್ಟುವುದಿಲ್ಲ. “ಹತ್ತು ನಿಮಿಷ ಕುದಿಸಿದ್ದೀನಲ್ಲೇ, ಇನ್ನೇನು” ಎಂದು ಬಾಣಂತನಕ್ಕೆ ಬಂದ ತಾಯಿ ಮಗಳಿಗೆ ಹೇಳುವ ಮಾತಿನಲ್ಲಿ ಅಕ್ಕರೆಯಿದೆ, ಅರ್ಧ ಸತ್ಯವೂ ಇದೆ. ಉಳಿದರ್ಧ ಬ್ರಷ್ಷಿನ ತುದಿಯಲ್ಲಿದೆ.

ಬಾಟಲಿಯ ಆಕಾರಕ್ಕೂ ಮಗುವಿನ ಆಯಸ್ಸಿಗೂ ನಂಟಿದೆ ಎಂಬುದನ್ನು ಹತ್ತೊಂಬತ್ತನೆಯ ಶತಮಾನದ ಯುರೋಪು ಕಂಡುಕೊಂಡದ್ದು ತುಂಬ ಬೆಲೆ ತೆತ್ತು. ಅಮೆರಿಕದ ಎಲೈಜಾ ಪ್ರ್ಯಾಟ್ 1845ರಲ್ಲಿ ರಬ್ಬರ್ ನಿಪ್ಪಲಿಗೆ ಪೇಟೆಂಟ್ ಪಡೆದ. ಅದಾದ ಮೇಲೆ ಇಂಗ್ಲೆಂಡಿನಲ್ಲಿ ಮನೆಮಾತಾದದ್ದು ಚಪ್ಪಟೆ ಗಾಜಿನ ಬಾಟಲಿ, ಅದರ ಬಾಯಿಂದ ಹೊರಟ ಉದ್ದನೆಯ ರಬ್ಬರ್ ಕೊಳವೆ, ಕೊಳವೆಯ ತುದಿಗೆ ನಿಪ್ಪಲ್. ಬಾಟಲಿಯನ್ನು ಪಕ್ಕದಲ್ಲಿಟ್ಟು ನಿಪ್ಪಲನ್ನು ಬಾಯಿಗೆ ಕೊಟ್ಟರೆ ಮಗು ತಾನೇ ಹೀರಿಕೊಳ್ಳುತ್ತಿತ್ತು, ತಾಯಿ ಬೇರೆ ಕೆಲಸ ನೋಡಬಹುದಿತ್ತು. ಆದರೆ ಆ ಕೊಳವೆಯೊಳಗೆ ಬ್ರಷ್ ಆಡಿಸುವುದು ಸಾಧ್ಯವೇ ಇರಲಿಲ್ಲ. ಹಾಲು ಒಳಗೇ ಹೆಪ್ಪುಗಟ್ಟಿ, ಹಳಸಿ, ಮುಂದಿನ ಹಾಲಿಗೆ ಸೇರುತ್ತಿತ್ತು. 1861ರಲ್ಲಿ ಪುಸ್ತಕವಾಗಿ ಬಂದ ಇಸಬೆಲ್ಲಾ ಬೀಟನ್ನಳ ಹೆಸರಾಂತ ಗೃಹಕೃತ್ಯದ ಕೈಪಿಡಿ, ಬಾಟಲಿಗೆ ಒಮ್ಮೆ ಕಟ್ಟಿದ ನಿಪ್ಪಲನ್ನು ಹೊಸದು ಹಾಕುವ ತನಕ, ಅಂದರೆ ಹದಿನೈದು ದಿನವೋ ಇನ್ನೂ ಹೆಚ್ಚೋ, ಬಿಚ್ಚಬೇಕಾಗಿಲ್ಲ ಎಂಬ ಅರ್ಥದ ಸಲಹೆ ಕೊಟ್ಟಿತ್ತು. ಆಕೆ ಕೆಟ್ಟ ಮನಸ್ಸಿನಿಂದ ಬರೆದದ್ದಲ್ಲ. ಹಾಲು ಕೆಡುವುದು ಸೂಕ್ಷ್ಮಾಣುಗಳಿಂದ ಎಂಬ ಪಾಶ್ಚರನ ವಿಚಾರ ಆಗಿನ್ನೂ ಪ್ರಯೋಗಶಾಲೆಯಿಂದ ಅಡುಗೆಮನೆಗೆ ಬಂದಿರಲಿಲ್ಲ. ವೈದ್ಯರು ಮುಂದೆ ಆ ಬಾಟಲಿಗಳನ್ನು ಕೊಲೆಗಡುಕ ಬಾಟಲಿಗಳೆಂದು ಕರೆದರು. ಫ್ರಾನ್ಸ್ 1910ರಲ್ಲಿ ಕೊಳವೆ ಬಾಟಲಿಗಳನ್ನು ಕಾನೂನಿನಿಂದಲೇ ನಿಷೇಧಿಸಿತು. ಅಷ್ಟರಲ್ಲಿ ದೋಣಿಯಾಕಾರದ, ಎರಡೂ ತುದಿ ತೆರೆದ ಬಾಟಲಿ ಬಂದಿತ್ತು. ಒಂದು ತುದಿಯಿಂದ ನೀರು ಬಿಟ್ಟರೆ ಇನ್ನೊಂದು ತುದಿಯಿಂದ ಹರಿದು ಹೋಗುತ್ತಿತ್ತು. ಈಗಿನ ಅಗಲ ಬಾಯಿಯ ನೇರ ಬಾಟಲಿಯಲ್ಲಿ ಇರುವ ದೊಡ್ಡ ಗುಣವೂ ಇದೇ: ಕೈಯಲ್ಲಿ ಹಿಡಿದವರಿಗೆ ಅದರ ಮೂಲೆ ಮೂಲೆ ಕಾಣುತ್ತದೆ, ಬ್ರಷ್ಷಿಗೆ ಸಿಗುತ್ತದೆ. ಕರಡಿಮರಿ, ಆನೆಯ ಆಕಾರದಲ್ಲಿ ಬರುವ ಬಾಟಲಿಗಳು ಎಷ್ಟೇ ಮುದ್ದಾಗಿದ್ದರೂ ಆ ಕಿವಿ ಸೊಂಡಿಲುಗಳ ಒಳಸಂದಿ ಬ್ರಷ್ಷಿಗೆ ಸಿಗುವುದಿಲ್ಲ. ಅಂಥವನ್ನು ಕೊಳ್ಳದಿರುವುದೇ ಒಳ್ಳೆಯದು.

ತೊಳೆಯುವ ಕೆಲಸ ಬಿಚ್ಚುವುದರಿಂದ ಶುರು. ನಿಪ್ಪಲನ್ನು ತಿರುಪಿನ ಬಳೆಯಲ್ಲೇ ಬಿಟ್ಟು ತೊಳೆಯುವುದು ಎಲ್ಲ ಕಡೆ ನಡೆಯುವ ತಪ್ಪು. ಬಳೆಯಿಂದ ನಿಪ್ಪಲನ್ನು ಹೊರಗೆಳೆದರೆ ಅದರ ಬುಡದ ಗೆರೆಯಲ್ಲಿ ತೆಳು ಹಳದಿಯ ಒಂದು ಸುತ್ತು ಕಾಣುವುದುಂಟು. ಉಗುರಿನಿಂದ ಕೆರೆದರೆ ಮೊಸರಿನ ಕೆನೆಯಂತೆ ಬರುತ್ತದೆ. ಅದು ನಿನ್ನೆಯದಲ್ಲ, ವಾರದ್ದು. ಬಾಟಲಿಯ ಕುತ್ತಿಗೆಯ ತಿರುಪಿನ ಸುತ್ತು, ನಿಪ್ಪಲಿನ ಅಂಚಿನಲ್ಲಿ ಗಾಳಿಯಾಡಲು ಬಿಟ್ಟ ಸೂಜಿಮೊನೆಯಂಥ ತೂತು, ಹೊಟ್ಟೆನೋವು ಬರದಿರಲೆಂದು ಕೆಲವು ಬಾಟಲಿಗಳ ಒಳಗೆ ಕೂರಿಸಿದ ಗಾಳಿಕೊಳವೆ, ಇವೆಲ್ಲ ಹಾಲು ಅಡಗುವ ಜಾಗಗಳು. ಭಾಗ ಹೆಚ್ಚಿದಷ್ಟೂ ಮರೆಯುವುದೂ ಹೆಚ್ಚು.

ಬಿಚ್ಚಿದ್ದನ್ನು ಮೊದಲು ತಣ್ಣೀರಿನಲ್ಲಿ ತೊಳೆಯಬೇಕು. ಒಂದೇ ಸಲಕ್ಕೆ ಬಿಸಿನೀರು ಸುರಿದರೆ ಪ್ರೋಟೀನು ಗಟ್ಟಿಯಾಗುತ್ತದೆ. ಹಾಲಿನ ತಪ್ಪಲೆಗೆ ಮೊದಲು ತಣ್ಣೀರು ಹಾಕಿಡುವ ಗೃಹಿಣಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆಮೇಲೆ ಕೈ ತಾಳುವಷ್ಟು ಬಿಸಿಯ ನೀರು, ಸೋಪು, ಬ್ರಷ್. ಕೊಬ್ಬು ಬಿಡುವುದು ಬಿಸಿ ಮತ್ತು ಸೋಪು ಸೇರಿದಾಗ ಮಾತ್ರ. ಇದಕ್ಕಾಗಿಯೇ ಒಂದು ಬೋಗುಣಿಯನ್ನು ಬೇರೆ ಇಡುವುದು ಅಗತ್ಯ. ಸಿಂಕಿನಲ್ಲಿ ನೇರವಾಗಿ ಹಾಕಿ ತೊಳೆಯಬಾರದು. ಮನೆಯಲ್ಲಿ ಅತಿ ಕೊಳಕಾದ ಜಾಗ ಯಾವುದು ಎಂದರೆ ಹೆಚ್ಚಿನವರು ಬಚ್ಚಲು, ಕಕ್ಕಸು ಎನ್ನುತ್ತಾರೆ. ಅಡುಗೆಮನೆಯ ಸಿಂಕಿನ ತೂತೂ ಅದಕ್ಕೇನೂ ಕಡಿಮೆಯಿಲ್ಲ. ಹಸಿ ತರಕಾರಿಯ ಮಣ್ಣು, ಕೋಳಿಮಾಂಸ ತೊಳೆದ ನೀರು, ಹಳಸಿದ ಸಾರು ಎಲ್ಲ ಅಲ್ಲಿಗೇ ಹೋಗುತ್ತವೆ, ಆ ತೇವ ಎಂದೂ ಆರುವುದಿಲ್ಲ. ಪಾತ್ರೆ ತಿಕ್ಕುವ ನಾರು, ಸ್ಕ್ರಬ್ಬರು ಇಲ್ಲಿಗೆ ಬರಬಾರದು. ಅವು ಪ್ಲಾಸ್ಟಿಕ್ಕಿನ ಮೇಲೆ ಗೀರು ಎಳೆಯುತ್ತವೆ, ಗೀರಿನಲ್ಲಿ ಪಸೆ ಕೂರುತ್ತದೆ. ಬಾಟಲಿಗೊಂದು ಉದ್ದನೆಯ ಬ್ರಷ್, ನಿಪ್ಪಲಿಗೊಂದು ಪುಟ್ಟ ಬ್ರಷ್ ಸಾಕು, ಆದರೆ ಅವು ಬೇರೆ ಯಾವುದಕ್ಕೂ ಬಳಕೆಯಾಗಬಾರದು. ನಿಪ್ಪಲನ್ನು ಒಳಮೈ ಹೊರಗಾಗುವಂತೆ ಮಗುಚಿ ಉಜ್ಜಬೇಕು, ಸರಿಮಾಡಿ ಅದರ ತೂತಿನಿಂದ ಸೋಪಿನ ನೀರನ್ನು ಹಿಂಡಿ ಹಾಯಿಸಬೇಕು. ಕೊನೆಗೆ ಹರಿಯುವ ನೀರಿನಲ್ಲಿ ಜಾಲಿಸಬೇಕು. ಸ್ವಚ್ಛವಾದ ಗಾಜಿನ ಮೇಲೆ ಒದ್ದೆ ಬೆರಳು ಕಿರ್ ಎನ್ನುತ್ತದೆ. ಆ ಸದ್ದು ಬಂದರೆ ಪಸೆ ಹೋಗಿದೆ ಎಂದು ನಂಬಬಹುದು. ಬೋಗುಣಿ ಮತ್ತು ಬ್ರಷ್ಷುಗಳನ್ನೂ ಪ್ರತಿಸಲ ತೊಳೆದು ಒಣಗಿಸಬೇಕು, ಆಗಾಗ ಬಾಟಲಿಗಳ ಜೊತೆಗೇ ಕುದಿಸಬೇಕು. ಇದನ್ನು ಮರೆಯುವ ಮನೆಗಳೇ ಹೆಚ್ಚು, ಆಗ ಬ್ರಷ್ಷೇ ಹಳೆಯ ಹಾಲನ್ನು ಬಾಟಲಿಗೆ ಬಳಿಯುತ್ತದೆ.

ನೀರಿನ ಮಾತೂ ಇಲ್ಲಿ ಬರಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಆಳದ ಬೋರ್‌ವೆಲ್ ನೀರು, ಬೆಂಗಳೂರಿನ ಹೊಸ ಬಡಾವಣೆಗಳಿಗೆ ಬರುವ ಟ್ಯಾಂಕರ್ ನೀರು ಬಹಳ ಗಡಸು. ಅದರಲ್ಲಿ ಸೋಪಿನ ನೊರೆ ಏಳುವುದಿಲ್ಲ, ಕುದಿಸಿದ ಬಾಟಲಿಯ ಮೇಲೆ ಸುಣ್ಣದ ಬಿಳಿಪೊರೆ ಕೂರುತ್ತದೆ. ಆ ಬಿಳಿಯನ್ನು ಕಂಡು ಬಾಟಲಿ ಹಾಳಾಯಿತೆಂದು ಗಾಬರಿಪಡುವವರಿದ್ದಾರೆ. ಅದು ಲವಣ, ವಿಷವಲ್ಲ. ಆದರೂ ಉಳಿಯಗೊಡಬಾರದು, ಒರಟು ಮೈಯಲ್ಲಿ ಪಸೆ ಸುಲಭವಾಗಿ ನಿಲ್ಲುತ್ತದೆ. ನಿಂಬೆಹುಳಿ ಅಥವಾ ವಿನೆಗರ್ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ಇಟ್ಟು ತೊಳೆದರೆ ಕರಗುತ್ತದೆ. ಕುದಿಸಲು ಕುಡಿಯುವ ಸಿಹಿನೀರನ್ನೇ ಬಳಸಿದರೆ ಈ ತೊಂದರೆ ಬಹುಪಾಲು ಬರುವುದೇ ಇಲ್ಲ.

ಕುದಿಸುವುದಕ್ಕೆ ದೊಡ್ಡ ವಿದ್ಯೆ ಬೇಡ, ಸ್ವಲ್ಪ ತಾಳ್ಮೆ ಬೇಕು. ಅಗಲ ಬಾಯಿಯ ತಪ್ಪಲೆಯಲ್ಲಿ ಎಲ್ಲ ಭಾಗಗಳೂ ಮುಳುಗುವಷ್ಟು ನೀರಿರಬೇಕು. ಬಾಟಲಿಯನ್ನು ಓರೆಮಾಡಿ ಒಳಗಿನ ಗಾಳಿಯನ್ನೆಲ್ಲ ಹೊರಬಿಡಬೇಕು. ಗಾಳಿಗುಳ್ಳೆ ನಿಂತ ಜಾಗವನ್ನು ನೀರು ಮುಟ್ಟುವುದಿಲ್ಲ. ನೀರು ಸಳಮಳ ಕುದಿ ಬಂದ ಮೇಲೆಯೇ ಹೊತ್ತು ಎಣಿಸಬೇಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 5 ನಿಮಿಷ ಸಾಕೆನ್ನುತ್ತದೆ, ಬ್ರಿಟನ್ನಿನ ಆರೋಗ್ಯ ಸೇವೆ ಕನಿಷ್ಠ 10 ಎನ್ನುತ್ತದೆ. ಒಂದು ದಿನ ಕಾವೇರಿ, ಇನ್ನೊಂದು ದಿನ ಟ್ಯಾಂಕರ್ ಎಂದು ಸಂಪಿನಲ್ಲಿ ಬೆರೆತ ನೀರು ಬಳಸುವ ಮನೆಯಲ್ಲಿ 10 ನಿಮಿಷವೇ ಲೇಸು. ಎತ್ತರದ ಊರುಗಳಲ್ಲಿ ನೀರು 100 ಡಿಗ್ರಿಗೆ ಮೊದಲೇ ಕುದಿಯುತ್ತದೆ. ಬೆಂಗಳೂರಿನಲ್ಲಿ ಸುಮಾರು 97, ಮಡಿಕೇರಿಯಲ್ಲಿ ಸುಮಾರು 96 ಡಿಗ್ರಿ ಸೆಲ್ಸಿಯಸ್. ಇದರಿಂದ ಆತಂಕವಿಲ್ಲ. ಭೇದಿ ತರುವ ಸಾಮಾನ್ಯ ರೋಗಾಣುಗಳು 70 ಡಿಗ್ರಿ ದಾಟಿದ ಮೇಲೆ ಹೆಚ್ಚು ಹೊತ್ತು ಬದುಕುವುದಿಲ್ಲ.

ಇದಕ್ಕೆ ಎಲ್ಲರೂ ಸ್ಟೆರಿಲೈಸ್ ಮಾಡುವುದು ಎನ್ನುತ್ತಾರೆ. ಕಟ್ಟುನಿಟ್ಟಾಗಿ ನೋಡಿದರೆ ಆ ಮಾತು ಸಲ್ಲದು. ಕೆಲವು ಬ್ಯಾಕ್ಟೀರಿಯಾಗಳು ಕಷ್ಟಕಾಲಕ್ಕೆಂದು ಗಟ್ಟಿ ಕವಚದ ಬೀಜಾಣುಗಳಾಗುತ್ತವೆ. ಅವು ಕುದಿನೀರಿಗೆ ಜಗ್ಗುವುದಿಲ್ಲ. ಅವನ್ನೂ ಕೊಲ್ಲಲು ಒತ್ತಡದಲ್ಲಿ 121 ಡಿಗ್ರಿಯ ಹಬೆ ಬೇಕು. ಪಾಶ್ಚರನ ಜೊತೆಗಿದ್ದ ಷಾರ್ಲ್ ಶಾಂಬರ್ಲಾ 1879ರಲ್ಲಿ ಕಟ್ಟಿದ ಆಟೊಕ್ಲೇವ್ ಅದಕ್ಕೇ ಹುಟ್ಟಿದ್ದು, ಆಪರೇಶನ್ ಕೋಣೆಯ ಕತ್ತರಿಗಳು ಇಂದಿಗೂ ಹಾಗೇ ಶುದ್ಧವಾಗುತ್ತವೆ. ಮಗುವಿನ ಬಾಟಲಿಗೆ ಅಷ್ಟು ಬೇಕಾಗಿಲ್ಲ. ಮಗುವೇನೂ ಸೂಕ್ಷ್ಮಾಣು ಇಲ್ಲದ ಲೋಕದಲ್ಲಿಲ್ಲ. ತಾಯಿಯ ಮೈಯ ಬ್ಯಾಕ್ಟೀರಿಯಾ, ಎದೆಹಾಲಿನಲ್ಲೇ ಇರುವ ಬ್ಯಾಕ್ಟೀರಿಯಾ ಅದರ ಕರುಳಿಗೆ ಸೇರಲೇಬೇಕಾದವು. ತಡೆಯಬೇಕಾದದ್ದು ಹಳಸಿದ ಹಾಲಿನಲ್ಲಿ ಲಕ್ಷಗಟ್ಟಲೆ ಬೆಳೆದ ರೋಗಾಣುಗಳ ಒಂದು ಗುಟುಕನ್ನು.

ಹಬೆಯಲ್ಲಿ ಇಡುವುದೂ ಕುದಿಸಿದಷ್ಟೇ ಒಳ್ಳೆಯದು. ಅಂಗಡಿಯಲ್ಲಿ ಸಿಗುವ ವಿದ್ಯುತ್ ಸ್ಟೆರಿಲೈಸರಿನ ತತ್ತ್ವ ಇಡ್ಲಿ ಪಾತ್ರೆಯದೇ: ತಳದಲ್ಲಿ ಅಳೆದು ಹಾಕಿದ ನೀರು, ಮೇಲೆ ಅಟ್ಟ, ಮುಚ್ಚಳ. ಹಬೆ ತಣ್ಣನೆಯ ಬಾಟಲಿಗೆ ತಗುಲಿ ನೀರಾಗುವಾಗ ತನ್ನಲ್ಲಿದ್ದ ಶಾಖವನ್ನೆಲ್ಲ ಅಲ್ಲೇ ಬಿಡುತ್ತದೆ, ಆದ್ದರಿಂದಲೇ ಅದೇ ಬಿಸಿಯ ಒಣಗಾಳಿಗಿಂತ ಅದರ ಏಟು ಜೋರು. ಬಾಟಲಿಗಳ ಬಾಯಿ ಕೆಳಗಾಗಿರಬೇಕು, ಒಂದರೊಳಗೊಂದು ತುರುಕಬಾರದು. ಪ್ರಯಾಣದಲ್ಲಿ ಕ್ಲೋರಿನ್ ಬಿಡುವ ಮಾತ್ರೆಗಳು ಉಪಯೋಗಕ್ಕೆ ಬರುತ್ತವೆ. ತಣ್ಣೀರಿನಲ್ಲಿ ಕರಗಿಸಿ, ತೊಳೆದ ಬಾಟಲಿಗಳನ್ನು ಗಾಳಿಗುಳ್ಳೆಯಿಲ್ಲದಂತೆ ಮುಳುಗಿಸಿ ಕನಿಷ್ಠ 30 ನಿಮಿಷ ಇಡಬೇಕು; ಆ ನೀರನ್ನು 24 ಗಂಟೆಗೊಮ್ಮೆ ಬದಲಿಸಬೇಕು. ಬಟ್ಟೆಗೆ ಹಾಕುವ ಬ್ಲೀಚನ್ನು ಅಂದಾಜಿನಲ್ಲಿ ಬೆರೆಸುವ ಗೊಡವೆ ಬೇಡ, ಒಂದೊಂದು ಸೀಸೆಯ ಸಾಂದ್ರತೆ ಒಂದೊಂದು. ನೀಲಿ ಬೆಳಕಿನ ಯುವಿ ಪೆಟ್ಟಿಗೆಗಳೂ ಈಗ ಮಾರುಕಟ್ಟೆಗೆ ಬಂದಿವೆ. ಬೆಳಕು ಬಿದ್ದ ಜಾಗವನ್ನಷ್ಟೇ ಅವು ಶುದ್ಧ ಮಾಡಬಲ್ಲವು. ನಿಪ್ಪಲಿನ ಮಡಿಕೆಯಲ್ಲಿ, ತಿರುಪಿನ ಸಂದಿಯಲ್ಲಿ ನೆರಳಿರುತ್ತದೆ.

ಇನ್ನು ಒಣಗಿಸುವುದು. ಕುದಿಸಿ ತೆಗೆದ ಬಾಟಲಿಯನ್ನು ಅಡುಗೆಮನೆಯ ಮಸಿಬಟ್ಟೆಯಿಂದಲೋ ಸೆರಗಿನಿಂದಲೋ ಒರೆಸಿದರೆ ಹತ್ತು ನಿಮಿಷದ ಗ್ಯಾಸು ದಂಡ. ಬಟ್ಟೆಯಲ್ಲಿದ್ದದ್ದು ಬಾಟಲಿಗೆ ಬರುತ್ತದೆ. ಕೈ ತೊಳೆದು, ಅದೇ ನೀರಿನಲ್ಲಿ ಕುದಿಸಿದ ಇಕ್ಕಳದಿಂದ ಒಂದೊಂದಾಗಿ ಎತ್ತಿ, ನೀರು ಒದರಿ, ಒಗೆದು ಒಣಗಿಸಿದ ಬಟ್ಟೆಯ ಮೇಲೋ ತಂತಿಯ ಸ್ಟ್ಯಾಂಡಿನ ಮೇಲೋ ಧೂಳು ಬೀಳದ ಕಡೆ ಬೋರಲು ಹಾಕಬೇಕು, ತಾನಾಗಿ ಆರಬೇಕು. ಒದ್ದೆಯಿರುವಾಗಲೇ ಬಾಟಲಿ ಜೋಡಿಸಿ ಮುಚ್ಚಳ ಬಿಗಿದಿಟ್ಟರೆ ಒಳಗಿನ ತೇವ ಬೂಷ್ಟಿಗೆ ಹೇಳಿ ಮಾಡಿಸಿದ ಜಾಗ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬಟ್ಟೆಯೇ ಮೂರು ದಿನವಾದರೂ ಒಣಗುವುದಿಲ್ಲ, ನಿಪ್ಪಲಿನ ಮಾತೇನು. ಆಷಾಢದ ತಿಂಗಳಲ್ಲಿ ಅಲ್ಲಿಯ ಮನೆಗಳಲ್ಲಿ ಒಂದೆರಡು ಬಾಟಲಿ ಹೆಚ್ಚು ಇಟ್ಟುಕೊಂಡು, ಕುಡಿಸುವ ಸ್ವಲ್ಪ ಮೊದಲು ಕುದಿಸಿ ನೀರು ಒದರಿ ಬಳಸುವುದು ಸರಿಯಾದ ದಾರಿ. ಅರೆ ಒಣಗಿದ್ದನ್ನು ಡಬ್ಬಿಯಲ್ಲಿ ಮುಚ್ಚಿಡುವುದು ಎಲ್ಲಕ್ಕಿಂತ ಕೆಟ್ಟದ್ದು.

ಎದೆಹಾಲು ತೆಗೆಯುವ ಪಂಪಿನ ಕಥೆ ಬಾಟಲಿಗಿಂತ ತುಸು ಜಟಿಲ. ಎದೆಹಾಲನ್ನು ಕೈಯಿಂದ ಹಿಂಡಿ ತೆಗೆಯುವುದು ಹಿಂದಿನಿಂದ ಬಂದದ್ದು. ವಿದ್ಯುತ್ ಯಂತ್ರಕ್ಕೆ ನೂರು ವರ್ಷವಷ್ಟೇ. 1920ರ ದಶಕದಲ್ಲಿ ಎಡ್ವರ್ಡ್ ಲಾಸ್ಕರ್ ಎಂಬ ಎಂಜಿನಿಯರ್ ಒಂದು ಪಂಪನ್ನು ರೂಪಿಸಿದ. ಚದುರಂಗದ ಲೋಕ ಅವನನ್ನು ಬಲ್ಲದ್ದು ದೊಡ್ಡ ಆಟಗಾರನೆಂದು. 1950ರ ದಶಕದಲ್ಲಿ ಸ್ವೀಡನ್ನಿನ ಐನಾರ್ ಎಗ್ನೆಲ್ ತಾಯಿಗೆ ನೋವು ಕಡಿಮೆಯಾಗುವಂಥ ಪಂಪನ್ನು ತಂದ. ಕರ್ನಾಟಕದ ಮನೆಗಳಿಗೆ ಅದು ಬಂದದ್ದು ಉದ್ಯೋಗಸ್ಥ ತಾಯಂದಿರೊಂದಿಗೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಗಳಾಯಿತು. ಅದು ಮುಗಿದು ಕೆಲಸಕ್ಕೆ ಮರಳುವ ಹೊತ್ತಿಗೆ ಮಗುವಿಗೆ ಆರು ತಿಂಗಳೂ ತುಂಬಿರುವುದಿಲ್ಲ ಅಥವಾ ಆಗಷ್ಟೇ ತುಂಬಿರುತ್ತದೆ. ಹಾಲು ನಿಲ್ಲಬಾರದು ಎಂದು ಆ ತಾಯಿ ಬ್ಯಾಗಿನಲ್ಲಿ ಪಂಪು, ಐಸ್ ಪೆಟ್ಟಿಗೆ ಹೊತ್ತು ಮೆಟ್ರೋ ಹತ್ತುತ್ತಾಳೆ. ಅವಳ ಈ ಪಾಡನ್ನು ಅರಿತು ಕಚೇರಿಗಳು ಒಂದು ಶುಚಿಯಾದ ಕೋಣೆ, ಒಂದು ನಲ್ಲಿ, ಒಂದು ಫ್ರಿಜ್ ಕೊಡಬೇಕು. ಶೌಚಾಲಯದ ಬೇಸಿನ್ನಿನಲ್ಲಿ ಪಂಪು ತೊಳೆಯುವಂತೆ ಯಾವ ತಾಯಿಗೂ ಆಗಬಾರದು.

ಎದೆಗೆ ಹಿಡಿಯುವ ಕೊಳವೆಯಂಥ ಶೀಲ್ಡ್, ಅದಕ್ಕೆ ಸೇರುವ ಕನೆಕ್ಟರ್, ವಾಲ್ವ್, ಹಾಲು ಬೀಳುವ ಬಾಟಲಿ, ಇವು ಹಾಲು ಮುಟ್ಟುವ ಭಾಗಗಳು. ಮೋಟಾರು, ಗಾಳಿ ಎಳೆಯುವ ಟ್ಯೂಬು ಹಾಲು ಮುಟ್ಟದವು. ವಾಲ್ವನ್ನು ಅಂಗೈಯಲ್ಲಿಟ್ಟು ನೋಡಬೇಕು. ಬಾತುಕೋಳಿಯ ಕೊಕ್ಕಿನಂತೆ ತುದಿ ಚಪ್ಪಟೆಯಾದ, ಮೆತ್ತನೆಯ ಸಿಲಿಕೋನ್ ತುಂಡು, ಕೊಕ್ಕಿನ ತುದಿಯಲ್ಲಿ ಕೂದಲೆಳೆಯಷ್ಟು ಸೀಳು. ಎರಡೂ ಬದಿಯಿಂದ ಮೆಲ್ಲಗೆ ಒತ್ತಿದರೆ ಸೀಳು ಬಾಯಿ ತೆರೆಯುತ್ತದೆ, ಬಿಟ್ಟರೆ ಮುಚ್ಚುತ್ತದೆ. ಹಾಲು ಹಾಯುವುದೆಲ್ಲ ಇದರ ಮೂಲಕ, ಹಾಲು ನಿಲ್ಲುವುದೂ ಇದರ ಒಳಮೂಲೆಯಲ್ಲಿ. ಬ್ರಷ್ಷಿನ ಕಡ್ಡಿ ತೂರಿಸಿದರೆ ಸೀಳು ಹರಿದು ಪಂಪಿನ ಎಳೆತವೇ ಹೋಗುತ್ತದೆ. ಸೋಪಿನ ನೀರಿನಲ್ಲಿ ಬೆರಳಿನಿಂದ ಒತ್ತಿ ಒತ್ತಿ ಬಿಡುತ್ತ ಒಳಗಿನದನ್ನು ತೊಳೆಯಬೇಕು. ಕೆಲವು ಪಂಪುಗಳಲ್ಲಿ ಇದರ ಬದಲು ಕಾಸಿನಗಲದ ಬಿಳಿ ಪೊರೆಯಿರುತ್ತದೆ. ಅದನ್ನು ವಾಲ್ವಿನಿಂದ ಬಿಡಿಸಿ ಎರಡೂ ಮಗ್ಗುಲು ತೊಳೆಯಬೇಕು. ಟ್ಯೂಬಿನಲ್ಲಿ ಬರೀ ಹಬೆಯ ಹನಿ ಕಂಡರೆ ಪಂಪನ್ನು ಹಾಲಿಲ್ಲದೆ ಕೆಲವು ನಿಮಿಷ ಓಡಿಸಿ ಒಣಗಿಸಬಹುದು. ಕಪ್ಪು ಚುಕ್ಕಿಯ ಬೂಷ್ಟು ಕಂಡರೆ ತೊಳೆಯುವ ಪ್ರಯತ್ನ ಬೇಡ, ಹೊಸ ಟ್ಯೂಬು ಹಾಕಬೇಕು.

ಇಷ್ಟೆಲ್ಲ ಎಚ್ಚರ ಏಕೆಂಬುದಕ್ಕೆ ಒಂದು ಪ್ರಕರಣ ಸಾಕು. 2016ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ದಿನ ತುಂಬದೆ ಹುಟ್ಟಿದ ಮಗುವೊಂದಕ್ಕೆ ಕ್ರೋನೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದಿಂದ ಮಿದುಳು ಪೊರೆಯ ಸೋಂಕು ತಗುಲಿತು. ಆ ಬ್ಯಾಕ್ಟೀರಿಯಾಕ್ಕೆ ಪುಡಿಹಾಲು ಮೊದಲಿಂದಲೂ ಹೆಸರಾದ ಜಾಗ. ಈ ಮಗು ಕುಡಿದದ್ದು ಎದೆಹಾಲು. ಹುಡುಕಿದಾಗ ಅದೇ ಬ್ಯಾಕ್ಟೀರಿಯಾ ಮನೆಯ ಪಂಪಿನಲ್ಲಿ ಸಿಕ್ಕಿತು, ಅಡುಗೆಮನೆಯ ಸಿಂಕಿನ ತೂತಿನಲ್ಲೂ ಸಿಕ್ಕಿತು. ಪಂಪಿನ ಭಾಗಗಳನ್ನು ಸೋಪಿನ ನೀರಿನಲ್ಲಿ ಗಂಟೆಗಟ್ಟಲೆ ನೆನೆಹಾಕುತ್ತಿದ್ದರು, ಉಜ್ಜುತ್ತಿರಲಿಲ್ಲ. ಆ ತಾಯಿ ಅಸಡ್ಡೆಯವಳಲ್ಲ. ನೆನೆಹಾಕಿದರೆ ಶುದ್ಧವಾಗುತ್ತದೆ ಎಂದು ನಂಬಿದವರು ಲಕ್ಷಾಂತರ ಮಂದಿ ಇದ್ದಾರೆ, ಅವರಲ್ಲಿ ಅವಳೂ ಒಬ್ಬಳು. ನೆನೆಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ಹಾಲಿನ ಅಂಶ ಕರಗಿ, ಸಿಂಕಿನಿಂದ ಬಂದ ಬ್ಯಾಕ್ಟೀರಿಯಾಕ್ಕೆ ಅದೇ ಊಟವಾಗುತ್ತದೆ. ಈ ಸೋಂಕು ಅಪರೂಪ, ಆದರೆ ತಗುಲಿದ ಎಳೆಗೂಸುಗಳಲ್ಲಿ ಅನೇಕವನ್ನು ಉಳಿಸಲಾಗುವುದಿಲ್ಲ. ಆ ಪ್ರಕರಣದ ಬಳಿಕವೇ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಪಂಪು ತೊಳೆಯುವ ವಿವರವಾದ ಸೂಚನೆಗಳನ್ನು ಹೊರತಂದಿತು: ಪ್ರತಿಸಲ ಬಳಸಿದ ಮೇಲೆ ಬಿಚ್ಚಿ ಉಜ್ಜಿ ತೊಳೆಯುವುದು, ಎರಡು ತಿಂಗಳೊಳಗಿನ, ದಿನ ತುಂಬದೆ ಹುಟ್ಟಿದ ಅಥವಾ ರೋಗನಿರೋಧಕ ಶಕ್ತಿ ಕುಗ್ಗಿದ ಮಕ್ಕಳಿದ್ದರೆ ದಿನಕ್ಕೊಮ್ಮೆಯಾದರೂ ಕುದಿಸುವುದು ಅಥವಾ ಹಬೆಯಲ್ಲಿಡುವುದು. ಕಚೇರಿಯಲ್ಲಿ ಎರಡು ಮೂರು ಸಲ ಪಂಪ್ ಮಾಡುವವರು ಭಾಗಗಳನ್ನು ತೊಳೆಯದೆ ಚೀಲದಲ್ಲಿ ಕಟ್ಟಿ ಫ್ರಿಜ್ಜಿನಲ್ಲಿಟ್ಟು ಮತ್ತೆ ಬಳಸುವುದು ರೂಢಿಯಾಗಿದೆ. ತಂಪು ಬ್ಯಾಕ್ಟೀರಿಯಾದ ಬೆಳವಣಿಗೆಯನ್ನು ನಿಧಾನಿಸುತ್ತದೆ, ನಿಲ್ಲಿಸುವುದಿಲ್ಲ. ಎಳೆಗೂಸಿನ ತಾಯಿ ಎರಡನೆಯ ಜೊತೆ ಭಾಗಗಳನ್ನು ಒಯ್ಯುವುದೇ ಕ್ಷೇಮ.

ತೆಗೆದ ಹಾಲು 25 ಡಿಗ್ರಿ ಮೀರದ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಕೆಡದೆ ಇರುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ 40 ಡಿಗ್ರಿ ದಾಟುವಾಗ ಈ 4 ಗಂಟೆಯ ಮಾತು ನಡೆಯುವುದಿಲ್ಲ, ತೆಗೆದ ತಕ್ಷಣ ತಂಪಿಗೆ ಹೋಗಬೇಕು. ಮಗು ಬಾಯಿ ಹಾಕಿ ಉಳಿಸಿದ ಎದೆಹಾಲನ್ನು 2 ಗಂಟೆಯೊಳಗೆ ಮುಗಿಸಬೇಕು, ಇಲ್ಲವೆ ಚೆಲ್ಲಬೇಕು. ಚೆಲ್ಲುವಾಗ ತಾಯಿಗೆ ಸಂಕಟವಾಗುತ್ತದೆ, ಹನಿ ಹನಿ ಕೂಡಿಸಿದ್ದು ಅದು. ಫ್ರಿಜ್ಜಿನಲ್ಲಿಟ್ಟ ಹಾಲು ಕೆಲವರಲ್ಲಿ ಸೋಪಿನ ವಾಸನೆ ಬೀರುವುದೂ ಉಂಟು. ಬಾಟಲಿ ಸರಿಯಾಗಿ ಜಾಲಿಸಲಿಲ್ಲವೆಂದು ಮನೆಯವರು ತೊಳೆದವರನ್ನು ಬಯ್ಯುತ್ತಾರೆ. ಹಾಲಿನಲ್ಲೇ ಇರುವ ಲೈಪೇಸ್ ಎಂಬ ಕಿಣ್ವ ಕೊಬ್ಬನ್ನು ಒಡೆಯುವುದರಿಂದ ಬರುವ ವಾಸನೆ ಅದು. ಮಗು ಕುಡಿದರೆ ಕೆಡುಕಿಲ್ಲ.

ಪುಡಿಹಾಲು ಕೊಡಬೇಕಾದ ಮನೆಗಳಲ್ಲಿ ಬಾಟಲಿಯಷ್ಟೇ ಎಚ್ಚರ ಪುಡಿಗೂ ಬೇಕು. ಡಬ್ಬಿ ಎಷ್ಟೇ ಬಿಗಿಯಾಗಿರಲಿ, ಪುಡಿ ಸ್ಟೆರೈಲ್ ಅಲ್ಲ. ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ಪುಡಿ ಬೆರೆಸಿ, ಆಮೇಲೆ ಬೇಗ ಆರಿಸಿ, ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಬಿಟ್ಟು ನೋಡಿ ಕುಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕಾಗಿ. ಇಲ್ಲಿಯೇ ಪ್ಲಾಸ್ಟಿಕ್ಕಿನ ಪ್ರಶ್ನೆ ಏಳುತ್ತದೆ. ಹಿಂದಿನ ಪಾಲಿಕಾರ್ಬೊನೇಟ್ ಬಾಟಲಿಗಳಿಂದ ಬಿಪಿಎ ಎಂಬ ರಾಸಾಯನಿಕ ಹಾಲಿಗೆ ಇಳಿಯುತ್ತದೆಂದು ಐರೋಪ್ಯ ಒಕ್ಕೂಟ 2011ರಲ್ಲಿ ಅವನ್ನು ನಿಷೇಧಿಸಿತು, ಭಾರತೀಯ ಮಾನಕ ಸಂಸ್ಥೆಯೂ 2015ರಲ್ಲಿ ಆ ದಾರಿ ಹಿಡಿಯಿತು. ಈಗಿನವು ಹೆಚ್ಚಾಗಿ ಪಾಲಿಪ್ರೊಪಿಲೀನ್. ಬಿಸಿನೀರು ಹಾಕಿ ಕುಲುಕಿದಾಗ ಅವುಗಳಿಂದಲೂ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಕಣಗಳು ಲೀಟರಿಗೆ ಲಕ್ಷಗಟ್ಟಲೆ ಉದುರುತ್ತವೆಂದು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಸಂಶೋಧಕರು 2020ರಲ್ಲಿ ತೋರಿಸಿದರು. ಅದಕ್ಕೆ ಅವರೇ ಕೊಟ್ಟ ಪರಿಹಾರ ಸರಳವಾದದ್ದು: ಬಿಸಿ ಹಾಲನ್ನು ಗಾಜಿನ ಅಥವಾ ಸ್ಟೀಲಿನ ಪಾತ್ರೆಯಲ್ಲಿ ಬೆರೆಸಿ ಆರಿದ ಮೇಲೆ ಬಾಟಲಿಗೆ ಹಾಕುವುದು, ಕುದಿಸಿದ ಬಾಟಲಿಯನ್ನು ಕಾದಾರಿದ ನೀರಿನಿಂದ ಎರಡು ಮೂರು ಸಲ ಜಾಲಿಸುವುದು. ಗಾಜಿನ ಬಾಟಲಿ ಭಾರ, ಒಡೆಯುವ ಭಯವೂ ಇದೆ. ಗೀರು ಬೀಳದ, ಪಸೆ ಬೇಗ ಬಿಡುವ ಅದರ ಗುಣದ ಮುಂದೆ ಆ ಕಷ್ಟ ಸಹಿಸಬಹುದಾದದ್ದು.

ಬಾಟಲಿಗೆ ಬೇಕಾದದ್ದೆಲ್ಲ, ಅಂದರೆ ಬಿಸಿನೀರು, ಗ್ಯಾಸು, ಬೇರೆ ಬೋಗುಣಿ, ಬಿಡುವು, ಇಲ್ಲದ ಮನೆಗಳು ಬಹಳ ಇವೆ. ಭಾರತ 1992ರಲ್ಲಿ ಹಾಲಿನ ಬಾಟಲಿ ಮತ್ತು ಪುಡಿಹಾಲಿನ ಜಾಹೀರಾತನ್ನು ಕಾನೂನಿನಿಂದ ತಡೆದದ್ದಕ್ಕೆ ಇದೂ ಒಂದು ಕಾರಣ. ಅಂಥ ಮನೆಗಳಿಗೆ ಹಳೆಯ ಒಳಲೆಯೇ ಸರಿ. ಅಂಗೈಯಲ್ಲಿ ಹಿಡಿಸುವ, ಒಂದು ಕಡೆ ಚೂಪಾದ ತುಟಿಯಿರುವ ಆ ಪುಟ್ಟ ಬಟ್ಟಲಿಗೆ ತಿರುಪಿಲ್ಲ, ನಿಪ್ಪಲಿಲ್ಲ, ಮರೆಯಾದ ಮೂಲೆಯಿಲ್ಲ. ಬೆರಳಿನಿಂದಲೇ ಉಜ್ಜಿ ಕುದಿನೀರಿನಲ್ಲಿ ಅದ್ದಬಹುದು. ಬೆಳ್ಳಿಯದು ಅಜ್ಜಿಯ ಮನೆಯಿಂದ ಬರುತ್ತಿತ್ತು, ಸ್ಟೀಲಿನದು ಪಾತ್ರೆ ಅಂಗಡಿಯಲ್ಲಿ ಸಿಗುತ್ತದೆ. ತಮಿಳಿನಲ್ಲಿ ಪಾಲಾಡೈ ಎನ್ನುವ ಈ ಬಟ್ಟಲಿನಿಂದಲೇ ದೊಡ್ಡ ಆಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ ದಾದಿಯರು ಇಂದಿಗೂ ಮೊಲೆ ಚೀಪಲಾರದ ಕೂಸುಗಳಿಗೆ ತಾಯಿಯ ಹಾಲನ್ನು ಕುಡಿಸುತ್ತಾರೆ. ಮಗುವನ್ನು ತಲೆ ಎತ್ತರವಾಗುವಂತೆ ತೊಡೆಯ ಮೇಲಿಟ್ಟು, ತುಟಿಯ ಅಂಚಿಗೆ ಒಳಲೆಯ ತುದಿ ತಾಗಿಸಿ, ಒಂದು ಗುಟುಕು ನುಂಗಿದ ಮೇಲೆಯೇ ಇನ್ನೊಂದನ್ನು ಬಿಡಬೇಕು. ಅಳುವಾಗ ಸುರಿಯಬಾರದು.

ಬಾಟಲಿ ಬಳಸುವವರು ನಿಪ್ಪಲನ್ನು ಆಗಾಗ ಎಳೆದು ನೋಡುತ್ತಿರಬೇಕು. ಅಂಟಂಟಾಗಿದ್ದರೆ, ಬಿರುಕಿದ್ದರೆ, ತೂತು ದೊಡ್ಡದಾಗಿ ಹಾಲು ಧಾರೆಗಟ್ಟಿದರೆ ಅದನ್ನು ಎಸೆಯಬೇಕು. ವಾಲ್ವು ಮತ್ತು ಪೊರೆಯ ಮಾತೂ ಅದೇ. ಬ್ರಿಟನ್ನಿನ ಸಲಹೆ ವರ್ಷ ತುಂಬುವವರೆಗೂ ಕುದಿಸಿರಿ ಎಂಬುದು. ಅಮೆರಿಕದವರು ಎರಡು ತಿಂಗಳ ಬಳಿಕ, ಮಗು ಆರೋಗ್ಯವಾಗಿದ್ದು ಪ್ರತಿಸಲ ಚೆನ್ನಾಗಿ ತೊಳೆಯುವುದಾದರೆ, ದಿನಾ ಕುದಿಸದಿದ್ದರೂ ನಡೆದೀತು ಎನ್ನುತ್ತಾರೆ. ನೀರಿನ ಮೇಲೆ ಭರವಸೆಯಿಲ್ಲದ ಊರಿನಲ್ಲಿ ಬ್ರಿಟನ್ನಿನ ಮಾತನ್ನೇ ಕೇಳುವುದು ಒಳ್ಳೆಯದು. ವರ್ಷ ತುಂಬಿ, ಅನ್ನ ಸಾರು ಕಲಸಿ ಉಣ್ಣುವ ಮಗುವಿಗೆ ಮೆಲ್ಲನೆ ಬಾಟಲಿ ಬಿಡಿಸಿ ಲೋಟ ಹಿಡಿಸಬೇಕು. ಪುಟ್ಟ ಸ್ಟೀಲ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅರ್ಧ ಕುಡಿದು ಅರ್ಧ ಎದೆಯ ಮೇಲೆ ಚೆಲ್ಲಿಕೊಳ್ಳುವ ದಿನಗಳವು. ಆ ಲೋಟವನ್ನು ಮನೆಯ ಉಳಿದ ಪಾತ್ರೆಗಳ ಜೊತೆಗೇ ಸೋಪು ಹಾಕಿ ಬೆಳಗಿ, ಬಿಸಿಲಿಗೆ ಬೋರಲು ಹಾಕಿದರೆ ಸಾಕು.